ಬ್ರೇಕಿನ ನಾಲ್ಕು ಬೋಲ್ಟು, ನಾಲ್ಕು ಬಿಳಿ ಬೊಟ್ಟು

ಓದುತ್ತಿರುವ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ. ಮೊದಲೇ ಒಂದು ಮಾತು ಕೇಳಿಕೊಳ್ಳುತ್ತೇನೆ. ನಾನು ಶಾಲೆಗೆ ಸೇರಿದ್ದು ಹನ್ನೊಂದು ತುಂಬಿದ ಮೇಲೆ. ಅಲ್ಲಿಯವರೆಗೆ ಮನೆಯ ಕುರಿಗಳ ಹಿಂದೆ ಇದ್ದೆ. ಈಗ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ, ಹಿಂದಿನದು ಮುಂದೆ ಆಗಿದ್ದರೆ, ತಿದ್ದಿಕೊಂಡು ಓದಿ. ಸಿಟ್ಟಾಗಬೇಡಿ.

ಇದು ಅರವತ್ತರ ದಶಕದ ಮಾತು. ಮೂಡಲಗಿಯಲ್ಲಿ ನನ್ನದೊಂದು ಸೈಕಲ್ ಅಂಗಡಿ ಇತ್ತು. ಹುಕ್ಕೇರಿಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದ ನಮ್ಮ ಕಾಕಾ ಜೀಪು ತೆಗೆದುಕೊಂಡಾಗ ತಮ್ಮ ಹಳೆಯ ಕಾರನ್ನು ನನಗೆ ಕೊಟ್ಟರು. ಸುಮ್ಮನೆ ಕೊಟ್ಟರು ಅಂದಮೇಲೆ ಅದರಲ್ಲಿ ಏನೋ ಐಬು ಇರಲೇಬೇಕು ಎಂದು ನಾನು ತಿಂಗಳುಗಟ್ಟಲೆ ಅದರ ಹೊಟ್ಟೆಯ ಕೆಳಗೆ ಮಲಗಿ ಹುಡುಕಿದೆ. ನನ್ನ ಸ್ವಭಾವವೇ ಹಾಗಿತ್ತು. ಪೆಟ್ರೋಲು ಹಾಕಿಸಿದರೆ ಬೆರಳಿಗೆ ಹಚ್ಚಿಕೊಂಡು ಮೂಸುತ್ತಿದ್ದೆ. ಬಾಡಿಗೆಗೆ ಹೋದ ಸೈಕಲ್ಲು ತಿರುಗಿ ಬಂದರೆ ಬೆಲ್ಲಿನ ಮುಚ್ಚಳ ನಮ್ಮದೇ ಹೌದೋ ಅಲ್ಲವೋ ಎಂದು ತಿರುಗಿಸಿ ನೋಡುತ್ತಿದ್ದೆ.

ಆ ವರ್ಷ ನನ್ನ ಹೆಂಡತಿಗೆ ಏಳು ತಿಂಗಳು. ಅದಕ್ಕೂ ಮೊದಲು ಒಂದು ಸಲ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಬಸ್ಸೂ ಬೇಡ, ಚಕ್ಕಡಿಯೂ ಬೇಡ, ಕುಲುಕಾಟ ಆಗಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅವಳ ತವರು ಬೆಲ್ಲದ ಬಾಗೇವಾಡಿ. ದಸರೆ ಮುಗಿದ ಮೇಲೆ ನನ್ನ ಕಾರಿನಲ್ಲೇ ನಿಧಾನವಾಗಿ ಗೋಕಾಕದ ಮೇಲೆ ಹಾದು ಅವಳನ್ನು ಮುಟ್ಟಿಸುವುದು ಎಂದು ನಿಶ್ಚಯವಾಯಿತು. ಕಾರು ನಡುದಾರಿಯಲ್ಲಿ ಕೈಕೊಡಬಾರದು, ಅಷ್ಟೇ.

ಮುಂದಿನ ಗಾಲಿಗಳ ಬ್ರೇಕು ಸರಿಯಿರಲಿಲ್ಲ. ಗೋಕಾಕದಲ್ಲಿ ಬೇವಿನ ಗಿಡದ ಕೆಳಗೆ ಗ್ಯಾರೇಜು ಇಟ್ಟಿದ್ದ ಒಬ್ಬ ವಯಸ್ಸಾದ ಮಿಸ್ತ್ರಿ ಬಲಗಡೆಯ ಗಾಲಿ ಬಿಚ್ಚಿ, ಬ್ರೇಕಿನ ತಟ್ಟೆಯನ್ನು ಹಿಡಿದುಕೊಳ್ಳುವ ನಾಲ್ಕು ಬೋಲ್ಟು ಹೇಗೆ ಬಿಗಿಯಬೇಕೆಂದು ನನ್ನೆದುರೇ ಮಾಡಿ ತೋರಿಸಿದರು.

“ಇದು ಸೈಕಲ್ ಅಲ್ರಿ, ಸೈಕಲ್ ಸಾವ್ಕಾರ. ಒಂದನ್ನ ಪೂರಾ ಬಿಗದು ಇನ್ನೊಂದಕ್ಕ ಹೋಗಬಾರದು. ಮೊದಲ ನಾಕೂ ಬೆರಳಲೆ ತಿರುವ್ರಿ. ಆಮ್ಯಾಲ ಪಾನಾ ಹಿಡೀರಿ. ಮ್ಯಾಲಿಂದು, ಅದರ ಎದುರಿಗಿನ ಕೆಳಗಿಂದು. ಮತ್ತ ಆಜೂಬಾಜೂದು. ತುಸು ತುಸು, ಮೂರು ಸರ್ತಿ.”

“ಒಮ್ಮೆಲೆ ಜಗ್ಗಿ ಬಿಗದ್ರ ಗಟ್ಟಿ ಕುಂದ್ರೂದಿಲ್ಲೇನ್ರಿ?”

“ಜಗ್ಗಾಕ ಇದೇನು ಬಾವಿ ಹಗ್ಗ ಐತೇನು? ಹೆಚ್ಚು ಜಗ್ಗಿದ್ರ ಬೋಲ್ಟಿನ ಕುತಗಿ ಮುರೀತೈತಿ. ಕಮ್ಮಿ ಆದ್ರ ತಾನ ಬಿಚ್ಚಕೊಂತೈತಿ.”

ಮಿಸ್ತ್ರಿ ತಂಬಾಕು ತಿನ್ನುವವರು. ಕೊನೆಯ ಸರ್ತಿ ಬಿಗಿದ ಮೇಲೆ ಕಿಸೆಯಿಂದ ಸುಣ್ಣದ ಡಬ್ಬಿ ತೆಗೆದು ಆ ಬೋಲ್ಟಿನ ತಲೆಗೆ ಬೆರಳಿನಿಂದ ಒಂದು ಬೊಟ್ಟು ಇಡುತ್ತಿದ್ದರು. “ಗುರ್ತ ಇರಲಿ. ನಾಳೆ ನಿಮಗ ಯಾರ ಮ್ಯಾಲೂ ಸಂಶೇ ಬರಬಾರದು,” ಅಂದರು. ನನ್ನ ಸ್ವಭಾವ ಅವರಿಗೆ ತಿಳಿದಿತ್ತೆಂದು ಕಾಣುತ್ತದೆ.

ಎಡಗಡೆಯ ಗಾಲಿಯನ್ನು ಮನೆಯಲ್ಲೇ ಮಾಡುತ್ತೇನೆ ಎಂದು ಬಂದೆ. ಮಿಸ್ತ್ರಿ ಏನಾದರೂ ಬೇಕೆಂದೇ ಸಡಿಲ ಬಿಟ್ಟು, ಮತ್ತೆ ಮತ್ತೆ ನನ್ನನ್ನು ಕರೆಸಿಕೊಂಡರೆ ಎಂಬ ಅನುಮಾನ ಆಗಲೇ ತಲೆಯಲ್ಲಿತ್ತು.

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಕಾರಿಗೆ ಜಾಕು ಕೊಟ್ಟು, ಗಾಲಿ ಬಿಚ್ಚಿಟ್ಟು ಕೂತೆ. ಮಿಸ್ತ್ರಿ ಹೇಳಿದ ಹಾಗೆಯೇ ಬಿಗಿಯುತ್ತ ಬಂದೆ. ಮೂರನೆಯ ಸರ್ತಿ ಮೇಲಿನದು, ಕೆಳಗಿನದು ಮುಗಿಸಿ ಎರಡಕ್ಕೂ ಸುಣ್ಣದ ಬೊಟ್ಟು ಇಟ್ಟೆ. ಅಷ್ಟರಲ್ಲಿ ಅವ್ವ ಬಂದು ಕೈಯಲ್ಲಿದ್ದ ಪಾನಾ ಕಸಿದುಕೊಂಡಳು.

“ಇವತ್ತ ಹತ್ಯಾರಕ್ಕ ಪೂಜಿ ಐತಿ. ತೊಳದು ಇಡಬೇಕು. ಕೊಡು ಇಲ್ಲಿ.”

“ಇನ್ನ ಎರಡ ಉಳದಾವ ಅವ್ವಾ.”

“ಉಳೀಲಿ. ಬನ್ನಿ ಕೊಡೂತನಕಾ ಮುಟ್ಟಂಗಿಲ್ಲ.”

ಪಾನಾ, ಸುತ್ತಿಗೆ, ಪಂಪು ಎಲ್ಲವೂ ತೊಳೆದು ದೇವರ ಮುಂದೆ ಹೋದವು. ಮರುದಿನ ದಸರೆಯ ಸಂಜೆ ಊರಿಗೆಲ್ಲ ಬನ್ನಿ ಎಲೆ ಕೊಡುವ ಗದ್ದಲ. ಮಿಸ್ತ್ರಿಯ ತಂಗಿ ನಮ್ಮ ಓಣಿಯಲ್ಲೇ ಇದ್ದಳು. ಅವಳ ಮನೆಗೆ ಬಂದಿದ್ದ ಮಿಸ್ತ್ರಿ ನಮ್ಮಲ್ಲಿಗೂ ಬಂದು ಕೈಗೆ ಬನ್ನಿ ಇಟ್ಟರು. ಹೋಗುವಾಗ ಬಿಚ್ಚಿದ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿದರು, ಏನೂ ಮಾತಾಡದೆ ಎದ್ದುಹೋದರು. ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಅದರ ಮರುದಿನ ಪಾನಾ ಎತ್ತಿಕೊಂಡು ಬಂದು ನೋಡಿದರೆ ನಾಲ್ಕೂ ಬೋಲ್ಟಿಗೆ ಬಿಳಿ ಬೊಟ್ಟು ಇತ್ತು. ಎರಡು ಉಳಿದಿದ್ದವಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಹಬ್ಬದ ಓಡಾಟದಲ್ಲಿ ನಾನೇ ಮುಗಿಸಿ ಮರೆತಿರಬೇಕು ಅಂದುಕೊಂಡೆ. ಗುರುತು ಕಣ್ಣೆದುರಿಗೇ ಇತ್ತು. ಲೋಕವನ್ನೆಲ್ಲ ಸಂಶಯಪಟ್ಟವನು ನನ್ನ ಕೈಯನ್ನು ಮಾತ್ರ ಸಂಶಯಪಡಲಿಲ್ಲ. ಮೇಲಿನ ಡ್ರಮ್ಮು ಕೂಡಿಸಿ, ಗಾಲಿ ಹಾಕಿದೆ.

ಹೆಂಡತಿಯನ್ನು ಕೂಡಿಸುವ ಮೊದಲು ಒಬ್ಬನೇ ಗೋಕಾಕದವರೆಗೆ ಓಡಿಸಿ ನೋಡೋಣ ಎಂದು ಹೊರಟೆ. ಅರ್ಧ ದಾರಿಗೆ ಎಡಗಡೆ ಕಟಕಟ ಸದ್ದು ಸುರುವಾಯಿತು. ಹೊಳೆಯ ಕಡೆಗೆ ರಸ್ತೆ ತುಸು ಇಳಿಯುವಲ್ಲಿ ಬ್ರೇಕು ಒತ್ತಿದರೆ ಕಾರು ಎಡಕ್ಕೆ ಎಳೆದು ಜಾಲಿಗಿಡಗಳ ಕಡೆ ಹೋಯಿತು. ಹೇಗೋ ನಿಲ್ಲಿಸಿದೆ. ಕೆಳಗಿಳಿದೆ. ಹಿಂದಿನ ಸೀಟು ಖಾಲಿ ಇದ್ದದ್ದನ್ನು ಎರಡು ಸಲ ನೋಡಿದೆ.

ಅಲ್ಲೇ ಗಾಲಿ, ಡ್ರಮ್ಮು ಎರಡನ್ನೂ ಬಿಚ್ಚಿದೆ. ಆಜೂಬಾಜೂದ ಎರಡು ಬೋಲ್ಟು ಬೆರಳಿನಿಂದಲೇ ತಿರುಗುತ್ತಿದ್ದವು. ಅವುಗಳ ತಲೆಯ ಮೇಲೂ ಬಿಳಿ ಬೊಟ್ಟು. ನನ್ನ ತಲೆಗೆ ಕುಕ್ಕರುಗಾಲಲ್ಲಿ ಕೂತ ಮಿಸ್ತ್ರಿ ಬಿಟ್ಟು ಮತ್ತೇನೂ ಬರಲಿಲ್ಲ. ಮತ್ತೆ ಬಿಗಿದು, ನಡೆದಷ್ಟು ನಿಧಾನಕ್ಕೆ ಓಡಿಸಿಕೊಂಡು ಅವರ ಗ್ಯಾರೇಜಿಗೆ ಹೋದೆ. ಮೂರು ನಾಲ್ಕು ಗಿರಾಕಿಗಳು ಕೂತಿದ್ದರು. ಅವರೆಲ್ಲರ ಮುಂದೆಯೇ ಕೇಳಿದೆ.

“ಮಿಸ್ತ್ರಿ, ಬನ್ನಿ ಕೊಡಾಕ ಬಂದಿದ್ರೋ, ಬೋಲ್ಟ್ ಬಿಚ್ಚಾಕ ಬಂದಿದ್ರೋ?”

ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ನನ್ನ ಹೆಂಡತಿ ಕೂತಿದ್ದರೆ ಏನಾಗುತ್ತಿತ್ತು ಎಂದೂ ಕೇಳಿದೆ. ಕೂತವರಲ್ಲಿ ಒಬ್ಬ, “ಮಿಸ್ತ್ರಿ, ನನ್ನ ಗಾಡಿನೂ ಹೋದ ವಾರ ಮತ್ತ ಬಂತಲ್ರಿ,” ಎಂದು ನಕ್ಕ. ಮಿಸ್ತ್ರಿ ನಗಲಿಲ್ಲ. “ಗಾಲಿ ಬಿಚ್ರಿ,” ಎಂದಷ್ಟೇ ಹೇಳಿದರು.

ಬಿಚ್ಚಿದೆ. ಅವರು ಮೇಲಿನ ಬೋಲ್ಟಿನ ಬೊಟ್ಟನ್ನು ಹೆಬ್ಬೆರಳಿನಿಂದ ಉಜ್ಜಿದರು. ಅದು ಹೋಗಲಿಲ್ಲ, ಉಗುರಿನಿಂದ ಕೆರೆಯಬೇಕಾಯಿತು. ಬಾಜೂದ್ದನ್ನು ಉಜ್ಜಿದರೆ ಅರ್ಧಕ್ಕರ್ಧ ಬೆರಳಿಗೇ ಬಂತು. ಮೂಸಿ ನೋಡಿ ಆ ಬೆರಳನ್ನು ನನ್ನ ಮುಂದೆ ಹಿಡಿದರು.

“ಇದು ಸುಣ್ಣ ಅಲ್ಲ. ಇಬತ್ತಿ. ನಿಮ್ಮ ಮನ್ಯಾಗ ಪೂಜಿ ಮಾಡಿದವ್ರು ಯಾರ್ರಿ?”

ನಮ್ಮದು ಭಂಡಾರ ಹಚ್ಚುವ ಮನೆ. ಎತ್ತಿಗೆ, ಕುರಿಗೆ, ಸೈಕಲ್ಲಿಗೆ ಎಲ್ಲದಕ್ಕೂ ಅರಿಶಿನದ ಭಂಡಾರವೇ. ವಿಭೂತಿ ಯಾಕೆ ಬಂತು?

“ಸಂಜಿಮುಂದ ನಾನೂ ಬಗ್ಗಿ ನೋಡೇನಿ. ನಾಕೂ ಬಿಳಿ ಇದ್ದೂವು. ಸೈಕಲ್ ಸಾವ್ಕಾರ ಕಲ್ತಾನ ಅಂತ ಸುಮ್ನ ಹ್ವಾದೆ,” ಅಂದರು ಮಿಸ್ತ್ರಿ. ಆಮೇಲೆ ತಾವು ಕೈ ಹಚ್ಚದೆ ಪಾನಾವನ್ನು ನನ್ನ ಕೈಗೇ ಕೊಟ್ಟು, ನಾಲ್ಕನ್ನೂ ಮೊದಲಿನಿಂದ ಬಿಗಿಸಿದರು.

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ.

“ನೀನ ಎರಡಕ್ಕ ಇಬತ್ತಿ ಹಚ್ಚಿ ಎರಡಕ್ಕ ಬಿಟ್ಟಿದ್ದಿ. ಪೂಜಿ ಅರ್ಧಾ ಬಿಡತಾರೇನು? ನೀರಾಗ ಒದ್ದಿ ಮಾಡಿ ನಾನ ಹಚ್ಚೇನಿ. ಯಾಕ, ಏನಾತು?”

ಏನೂ ಆಗಿಲ್ಲ ಅಂದೆ. ಹೆಂಡತಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದಳು.

“ಖರೆ ಹೇಳ್ರಿ. ಈಗ ಬಿಗದವ್ರು ಯಾರು, ನೀವೋ ಮಿಸ್ತ್ರಿನೋ?”

“ನಾನ. ಅವರು ನೋಡಕೊಂತ ನಿಂತಿದ್ರು.”

“ಹಂಗಾದ್ರ ಅವ್ರೂ ಗಾಡ್ಯಾಗ ಬರಲಿ. ಇಲ್ಲಂದ್ರ ನಾ ಇಲ್ಲೇ ಹಡೀತೀನಿ.”

ಅವಳನ್ನು ಬೈಯುವ ಮುಖ ನನಗಿರಲಿಲ್ಲ. ಮರುದಿನ ಗೋಕಾಕಕ್ಕೆ ಬಸ್ಸಿಗೆ ಹೋಗಿ ಮಿಸ್ತ್ರಿಯನ್ನು ಕರೆದೆ. ಬರುವುದಿಲ್ಲ ಅನ್ನುತ್ತಾರೆಂದುಕೊಂಡಿದ್ದೆ. “ಬಸರಿ ಹೆಣಮಗಳ ಮಾತಂದ್ರ ಬರಬೇಕ್ರಿ. ನಿಮ್ಮ ಸಲುವಾಗಿ ಅಲ್ಲ,” ಎಂದು ರುಮಾಲು ಸುತ್ತಿಕೊಂಡು ಹೊರಟರು.

ಮೂಡಲಗಿಯಿಂದ ಬೆಲ್ಲದ ಬಾಗೇವಾಡಿಯವರೆಗೆ ನನ್ನ ಬಾಜೂಕ್ಕೇ ಕೂತಿದ್ದರೂ ನನ್ನ ಸಂಗಡ ಒಂದು ಮಾತೂ ಆಡಲಿಲ್ಲ. ಹೆಂಡತಿಯನ್ನು ಮಾತ್ರ ಆಗಾಗ, “ತಂಗೀ, ಕುಲುಕತೈತೇನವಾ? ನಿಂದ್ರಸೂಣೇನು?” ಎಂದು ಕೇಳುತ್ತಿದ್ದರು. ನಿಲ್ಲಿಸಿದಲ್ಲೆಲ್ಲ ನಾನು ಇಳಿದು ಎಡಗಾಲಿಗೆ ಕಿವಿ ಹಚ್ಚುವುದು, ಅವರು ಬೇರೆ ಕಡೆ ಮುಖ ಮಾಡುವುದು. ಅವಳು ತವರಿನ ಕಟ್ಟೆ ಹತ್ತಿ ಒಳಗೆ ಹೋದಾಗ ನನಗೆ ಉಸಿರು ಬಂತು.

ನಮ್ಮ ಮಾವನವರು ಕಾರಿನ ಸುತ್ತ ತಿರುಗಿ, “ಇಂಥಾ ಹಳೇ ಗಾಡ್ಯಾಗ ಮಗಳನ್ನ ತಂದ್ರಿ. ಬ್ರೇಕ್ ಗೀಕ್ ಬರೋಬರಿ ಅದಾವ ಹೌದಲ್ಲೋ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ, “ಕಾಳಜಿ ಬ್ಯಾಡ್ರಿ ಗೌಡ್ರ. ನಿಮ್ಮ ಅಳಿಯಂದ್ರು ಸ್ವತಾ ಬಿಗದಾರ. ನಾ ನೋಡೇನಿ,” ಅಂದರು.

ಬರುವಾಗ ಕಾರಿನಲ್ಲಿ ನಾವಿಬ್ಬರೇ. ಬಹಳ ದೂರ ಬಂದಮೇಲೆ ಧೈರ್ಯ ಮಾಡಿ, “ತಪ್ಪಾತ್ರಿ ಮಿಸ್ತ್ರಿ. ನಾಕು ಮಂದಿ ಮುಂದ ಅನ್ನಬಾರದಿತ್ತು,” ಅಂದೆ.

“ರಸ್ತೆ ನೋಡ್ರಿ,” ಅಂದರು.

ಮಗಳು ಸುಸೂತ್ರವಾಗಿ ಹುಟ್ಟಿದಳು. ಆ ಗ್ಯಾರೇಜಿಗೆ ಹೋಗಿ, ಅಂದು ಕೂತಿದ್ದ ಗಿರಾಕಿಗಳು ಇರುವ ಹೊತ್ತು ನೋಡಿ, ನನ್ನ ತಪ್ಪನ್ನು ಅವರ ಮುಂದೆಯೂ ಹೇಳಿದೆ. ನಕ್ಕಿದ್ದವನು ಮಾತ್ರ ಮತ್ತೆ ಸಿಗಲಿಲ್ಲ. ಅವನು ಎಲ್ಲೆಲ್ಲಿ ಹೋಗಿ ಏನು ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಿಮ್ಮಲ್ಲಿ ಯಾರಾದರೂ ಸ್ವಂತ ಕೈತಪ್ಪನ್ನು ಹೀಗೆ ಇನ್ನೊಬ್ಬರ ತಲೆಗೆ ಕಟ್ಟಿದ್ದುಂಟೇ? ಗಾಡಿಯದಾಗಲಿ, ಮನೆಯದಾಗಲಿ, ಇದ್ದರೆ ನಾಲ್ಕು ಸಾಲು ಬರೆದು ತಿಳಿಸಿ. ನಾನು ಓದುವುದೂ ನಿಧಾನ, ಆದರೆ ಪೂರ್ತಿ ಓದುತ್ತೇನೆ.