ಜಿನ್ನಿಗೆ ಬೇಕಾಗಿದ್ದ ಗುಲಾಬಿ ನೀರು

ನನ್ನ ತಂಗಿ ಗೋವಾದಲ್ಲಿ ಜಿನ್ ಎಂಬ ಮದ್ಯ ತಯಾರಿಸುತ್ತಾಳೆ. ದೊಡ್ಡ ಕಾರ್ಖಾನೆಯೇನಲ್ಲ, ಒಂದೇ ತಾಮ್ರದ ಭಟ್ಟಿ, ಕೈಕೆಳಗೆ ಇಬ್ಬರು ಹೆಂಗಸರು, ಒಂದು ಸಲಕ್ಕೆ ಕೆಲವೇ ಬಾಟಲಿ. ಅದಕ್ಕೆ ನಮ್ಮ ಕಡೆಯ ಪನ್ನೀರು ಗುಲಾಬಿಯ ಪರಿಮಳ ಕೊಡಬೇಕೆಂದು ಅಗಡಿಯ ತೋಟದಿಂದ ಹೂವು ತರಿಸಿ ಭಟ್ಟಿಗೆ ಹಾಕಿದಳು. ಬಂದದ್ದು ಬೇಯಿಸಿದ ಸೊಪ್ಪಿನ ವಾಸನೆ. ಎರಡನೇ ಸಲವೂ ಹಾಗೇ. ಹಾವೇರಿಗೆ ನನ್ನ ಮನೆಗೆ ಬಂದವಳೇ ಸೀಸೆಯನ್ನು ಮೂಗಿಗೆ ಹಿಡಿದು, “ಅಕ್ಕಾ, ನೀ ಕಾಲೇಜಿನ್ಯಾಗ ಕೆಮಿಸ್ಟ್ರಿ ಕಲಸಾಕಿ. ಏನ್ ತಪ್ಪೇತಿ ಹೇಳು,” ಎಂದಳು.

ನನಗೆ ತಿಳಿಯಲಿಲ್ಲ. ತಿಳಿದವರೊಬ್ಬರು ಗೊತ್ತಿದ್ದರು.

ಹಾವೇರಿಗೆ ವರ್ಗವಾಗುವ ಮೊದಲು ನಾನು ಬ್ಯಾಡಗಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಬಾಡಿಗೆಗಿದ್ದ ಮುಸ್ಲಿಂ ಮನೆಯ ಯಜಮಾನತಿಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮದುವೆಗೆ, ಉರುಸಿಗೆ, ತೀರಿಕೊಂಡವರಿಗೆ ಹೊದಿಸುವ ಕಫನಿಗೆ ಬೇಕಾದ ಗುಲಾಬಿ ನೀರನ್ನು ಇಳಿಸಿಕೊಡುವುದು ಅತ್ತೆಯಿಂದ ಅವರಿಗೆ ಬಂದ ವಿದ್ಯೆ. ನಾನು ಟೈಫಾಯ್ಡ್ ಬಂದು ಮಲಗಿದಾಗ ಗಂಜಿ ಕುಡಿಸಿ ಎಬ್ಬಿಸಿದವರೂ ಅವರೇ.

“ಜಿನ್ನಿನ ಮಾತು ತಗೀಬ್ಯಾಡ. ಕೇಳಿದ್ರ ಅತ್ತರಿಗೆ ಅನ್ನೂಣು,” ಎಂದು ದಾರಿಯಲ್ಲಿ ತಂಗಿಗೆ ಹೇಳಿದೆ. ಅವಳು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ.

ಖಾಲಾ ಏನನ್ನೂ ಕೇಳದೆ ಹಿತ್ತಲಲ್ಲಿ ಒಲೆ ಹೊತ್ತಿಸಿದರು. ನಾವು ಒಯ್ದಿದ್ದ ಹೂವನ್ನು ಒಂದೊಂದಾಗಿ ಬಿಡಿಸಿ ಎಸಳನ್ನಷ್ಟೇ ಇಟ್ಟುಕೊಂಡರು. “ಹಸರು ತೊಟ್ಟು ಒಂದ್ ಚೂರೂ ಇರಬಾರದು. ಉರಿ ಸಣ್ಣಗಿರಲಿ, ಇಲ್ಲಂದ್ರ ಹೂವು ಬೇಯ್ತೈತಿ,” ಎಂದರು. ಹಂಡೆಯ ನಳಿಗೆಯಿಂದ ಮೊದಲು ಬಂದ ನೀರನ್ನು ಚೆಲ್ಲಿದರು. ಕೊನೆಯದೂ ಬೇಡವಂತೆ, ನಡುವಿನದಷ್ಟೇ ಸಾಕಂತೆ.

ತಂಗಿಗೆ ತಡೆಯಲಾಗಲಿಲ್ಲ. “ನಾವೂ ಹಂಗ ಮಾಡ್ತೇವ್ರಿ ಖಾಲಾ! ಮೊದಲಿಂದು, ಕಡೀದು ಎರಡೂ ತಗದ್ ಹಾಕ್ತೇವಿ.”

ಖಾಲಾರ ಮುಖ ಅರಳಿತು. “ಹೌದೇನು? ಏನ್ ಇಳಸ್ತೀರಿ ನೀವು?”

“ಅತ್ತರು,” ಎಂದೆ ನಾನು.

ತಂಗಿ ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, “ಅಲ್ರೀ. ದಾರೂ,” ಎಂದಳು.

ಖಾಲಾ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆದರು. ತಂಗಿಯ ಮೇಲೆ ಸಿಟ್ಟಾಗಲಿಲ್ಲ. ನನ್ನನ್ನೇ ನೋಡುತ್ತ, “ನೀ ಖರೇ ಹೇಳಬಹುದಿತ್ತಲ್ಲ, ಮಗಳ,” ಎಂದರು.

“ಹೇಳಿದ್ರ ನೀವು ಕಲಸತಿದ್ದಿಲ್ಲ.”

“ಹೌದು, ಇಲ್ಲ ಅಂತಿದ್ದೆ. ಇಲ್ಲ ಅನ್ನೂದು ನನ್ನ ಹಕ್ಕಿತ್ತು. ಅದನ್ನ ನೀ ಕಸಗೊಂಡಿ.”

ಆ ನೀರನ್ನು ಅವರು ಕೊಡಲಿಲ್ಲ. “ನೋಡಿದ್ದು ನೋಡೀರಿ. ಅದನ್ನ ನಾ ಹೆಂಗ ವಾಪಸ್ ಕೇಳಲಿ?” ಎಂದು ಒಳಗೆ ಹೋದರು.

ಮುಂದಿನ ಸಲ ತಂಗಿಯ ಜಿನ್ನಿಗೆ ನಿಜವಾದ ಗುಲಾಬಿಯ ಪರಿಮಳ ಬಂತು. ಬಾಟಲಿಯ ಚೀಟಿಯ ಮೇಲೆ ಬ್ಯಾಡಗಿಯ ಹಳೇ ಮನೆತನವೊಂದರ ವಿದ್ಯೆ ಎಂದು ಬರೆಸುವ ಆಸೆ ಅವಳಿಗೆ. ಕೇಳದೆ ಬರೆಸಬೇಡ ಎಂದೆ. ಕೇಳಲು ನಾನೊಬ್ಬಳೇ ಬಸ್ಸು ಹತ್ತಿದೆ.

ಖಾಲಾ ಬಾಗಿಲು ತೆಗೆದರು. ಮೊದಲು ತಪ್ಪಾಯಿತೆಂದೆ, ಆಮೇಲೆ ಬಂದ ಕಾರಣ ಹೇಳಿದೆ.

“ನಮ್ಮ ಮನಿತನದ ಮಾತು ಬ್ಯಾಡ. ಮಂದಿ ಈ ನೀರನ್ನ ಕಫನಿಗೆ ಒಯ್ತಾರ. ಹೂವಿಂದು ಬೇಕಾರ ಬರಸ್ರಿ.”

ಹಾಗೇ ಆಯಿತು. ಚೀಟಿಯ ಮೇಲೆ ಅಗಡಿಯ ಹೂವಿನ ಮಾತಷ್ಟೇ ಇದೆ. ಪರಂಪರೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಯಾರದೋ ಮನೆಯ ನಂಬಿಕೆಯೂ ಆಗಿರುತ್ತದೆ ಎಂಬುದು ನನಗೆ ಹೊಳೆದದ್ದು ಆ ದಿನ, ಅದೂ ತಡವಾಗಿ.

ಅವರು ಕ್ಷಮಿಸಿದೆ ಎನ್ನಲಿಲ್ಲ. ಹೊರಡುವಾಗ ಮಾತ್ರ ಹೊಸ್ತಿಲಲ್ಲಿ ನಿಂತು ಕೇಳಿದರು: “ನಿನ್ನ ತಂಗೀಗೆ ವಾಸನೆ ಸರಿ ಬಂತೇನು?”

“ಬಂತ್ರಿ.”

“ಬರಾಕ ಬೇಕಲ್ಲ,” ಎಂದರು ಖಾಲಾ.