ಹಕ್ಕಿ ನುಂಗಿದ ದನಿ

ನನ್ನ ಗಂಡನಿಗೆ ಒಂದೇ ಹುಚ್ಚು, ಹಳೆಯ ಕಾರ್ಟೂನಿನ ಜುಟ್ಟಿನ ಹಕ್ಕಿ. ಇಂಗ್ಲಿಷರ ನಾಡಿನಲ್ಲಿ, ಇಲ್ಫರ್ಡಿನ ನಮ್ಮ ಮನೆಗೆ ಯಾರೇ ಊಟಕ್ಕೆ ಬರಲಿ, ರೊಟ್ಟಿ ಮುರಿಯುವುದರೊಳಗೆ ಅದರ ಚರಿತ್ರೆ ಶುರು. "ಮೊದಲ ಇದು ಇಷ್ಟು ಛಂದ ಇರಲಿಲ್ರೀ. ತಲಿಕೆಟ್ಟ ಹಕ್ಕಿ, ಹಲ್ಲು ಬ್ಯಾರೆ ಇದ್ದುವು! ಹುಡುಗರು ಹೆದರ್ಯಾರಂತ ವರ್ಷಾ ವರ್ಷಾ ಕಣ್ಣು ದೊಡ್ಡವು ಮಾಡಿ, ಮೈ ಗುಂಡಗ ಮಾಡಿದ್ರು. ದನಿ ಅಂತೂ ಮನಷ್ಯಾಂದು, ಟೇಪ್ ಜೋರು ಓಡ್ಸಿ ಹಂಗ ಮಾಡ್ಯಾರ!" ಆಮೇಲೆ ಆ ದನಿಯನ್ನು ತಾವೇ ತೆಗೆದು ತೋರಿಸುವುದು. ಬೆಂಗಳೂರಿನ ಕಡೆಯ ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೋ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಹೋದ ವರ್ಷ ಅವರಿಗೆ ಗಂಟಲಿನ ಕ್ಯಾನ್ಸರ್ ಅಂದರು. ಅವಸರದಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಈಗ ಅವರು ಟ್ಯಾಬ್ಲೆಟ್ಟಿನಲ್ಲಿ ಟೈಪ್ ಮಾಡುತ್ತಾರೆ, ಅದು ಯಾರೋ ಇಂಗ್ಲಿಷಿನವನ ದನಿಯಲ್ಲಿ ಓದಿ ಹೇಳುತ್ತದೆ. ಸ್ಪೀಚ್ ಥೆರಪಿಸ್ಟ್ ಒಂದು ಆಸೆ ಹುಟ್ಟಿಸಿದಳು. ಅವರು ಮಾತಾಡಿದ ಹಳೆಯ ವಿಡಿಯೋಗಳನ್ನು ಕೊಟ್ಟರೆ, ಮಾತು ಇಂಗ್ಲಿಷೇ ಆದರೂ ದನಿ ಅವರದೇ ಆಗುವ ಹಾಗೆ ಮಾಡಬಹುದಂತೆ. ಅಯ್ಯೋ, ನಮಗೇನು ವಿಡಿಯೋಗೆ ಬರವೇ!

ಮಗಳೂ ನಾನೂ ಸೋಫಾದಲ್ಲಿ ಕೂತು ಒಂದೊಂದಾಗಿ ಹಾಕಿದೆವು. ನನ್ನ ಬಸುರಿನ ಕುಬಸದ ಕಾರ್ಯದಲ್ಲಿ ಹಕ್ಕಿ. ಮಗಳ ತೊಟ್ಟಿಲ ಶಾಸ್ತ್ರದಲ್ಲೂ ಹಕ್ಕಿ. ಟೂಟಿಂಗಿನ ಹೋಟೆಲಿನಲ್ಲಿ ಬಾಯಿತುಂಬ ದೋಸೆ ಇಟ್ಟುಕೊಂಡೂ ಅದೇ ಕೀಚಲು ದನಿ. ಕ್ಯಾಮೆರಾ ತಿರುಗಿದರೆ ಸಾಕು, ಈ ಮನುಷ್ಯನ ತಲೆಯ ಮೇಲೆ ಜುಟ್ಟು ಏಳುತ್ತಿತ್ತು.

"ಮಮ್ಮಿ, ದಿಸ್ ಒನ್ ಟೂ," ಎನ್ನುತ್ತಾ ಹೋದಳು ಮಗಳು.

ಅವರ ಸ್ವಂತ ದನಿ ಸಿಕ್ಕಿದ್ದು ಪ್ರತಿ ವಿಡಿಯೋದ ಕಟ್ಟಕಡೆಗೆ ಮಾತ್ರ. "ಬಂದ್ ಆತೇನ?" ಎಂದು ನನ್ನನ್ನು ಕೇಳುತ್ತಾರೆ, ಅಷ್ಟರಲ್ಲಿ ನಾನು ಬಂದ್ ಮಾಡಿರುತ್ತೇನೆ. "ಏ, ಬಾ ಇಲ್ಲೆ" ಎಂದು ನನ್ನನ್ನು ಕರೆದದ್ದು ಒಂದರಲ್ಲೂ ಇಲ್ಲ. ಮಗಳ ಎದುರೇ ಗೊಳೋ ಎಂದು ಅತ್ತುಬಿಟ್ಟೆ.

ಇಷ್ಟು ಸಾಲದು ಎಂದಳು ಥೆರಪಿಸ್ಟ್. ಹಕ್ಕಿಯ ದನಿ ಬೇಕಾದಷ್ಟಿದೆ, ಅದನ್ನೇ ಹಾಕಲೇ ಎಂದು ಸಂಕೋಚದಿಂದ ಕೇಳಿದಳು. ನಾನು ಗಂಡನ ಮುಖ ನೋಡಿದೆ. ಬೇಡವೆಂದು ತಲೆ ಅಲ್ಲಾಡಿಸಿ ಕಿಟಕಿಯ ಕಡೆ ತಿರುಗಿಕೊಂಡರು.

ಈಗ ದಿನಾ ಬೆಳಿಗ್ಗೆ ಟ್ಯಾಬ್ಲೆಟ್ಟಿನ ಆ ಇಂಗ್ಲಿಷಿನವನು ಅಡುಗೆಮನೆಗೆ ಬಂದು ನನ್ನನ್ನು ಚಹಾ ಕೇಳುತ್ತಾನೆ. ಪ್ಲೀಸ್ ಎನ್ನುತ್ತಾನೆ. ನನ್ನ ಗಂಡ ಮದುವೆಯಾದಾಗಿನಿಂದ ನನಗೆ ಒಮ್ಮೆಯೂ ಪ್ಲೀಸ್ ಅಂದವರಲ್ಲ. ನಾನು ಚಹಾ ಮಾಡಿಕೊಡುತ್ತೇನೆ.