ವೆಲ್ಡರ್ ಅದಾರೇನ್ರೀ?

ಬನಹಟ್ಟಿಯ ನಮ್ಮ ನೆರೆಯಾಕೆಯ ಎಡಗೈ ಮೇಲೆ ಮೊಣಕೈತನಕ ಸಾಸಿವೆ ಚೆಲ್ಲಿದ ಹಾಗೆ ಸುಟ್ಟ ಕಲೆಗಳಿದ್ದವು. ಸೀರೆಯ ಮೇಲೆ ಸತ್ತ ಗಂಡನ ತುಂಬುತೋಳಿನ ಖಾಕಿ ಅಂಗಿ. ಹತ್ತಿರ ಕೂತರೆ ಕೂದಲು ಸುಟ್ಟ ವಾಸನೆ ಬರುತ್ತಿತ್ತು.

ಮೊಮ್ಮಕ್ಕಳೇ, ಮೊನ್ನೆ ನೀವು ಇಂಗ್ಲಿಷ್ ಪಾಠ ಓದುತ್ತ, "ಅಜ್ಜೀ, ಈಗ ಫೈರ್‌ಮನ್ ಅನ್ನಬಾರದಂತ, ಫೈರ್‌ಫೈಟರ್ ಅನ್ನಬೇಕಂತ" ಎಂದು ನಕ್ಕಿರಿ. ವೆಲ್ಡರಿಗೆ ಏನನ್ನುತ್ತಾರೆ ಎಂದು ಕೇಳಿದೆ. "ಅದು ಮೊದಲಿಂದನೂ ಗಂಡಸರಿಗೂ ಹೆಂಗಸರಿಗೂ ಒಂದ" ಎಂದಿರಿ. ನಾನು ಎದ್ದು ಒಳಗೆ ಹೋದೆ. ಯಾಕೆ ಎಂದು ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬನಹಟ್ಟಿಯಲ್ಲಿ ನಮ್ಮ ಗೋಡೆಗೆ ಹತ್ತಿಯೇ ಆಕೆಯ ತಗಡಿನ ಶೆಡ್ಡಿತ್ತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮನೆಯಲ್ಲೇ ಕೂತು ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಆಕೆಯ ಗಂಡ ಅದೇ ಶೆಡ್ಡಿನಲ್ಲಿ ಕರೆಂಟು ಹೊಡೆದು ಸತ್ತಿದ್ದ. ಮಣ್ಣು ಮಾಡಿ ಬಂದು ಅವನನ್ನು ಕೊಂದ ಅದೇ ಕರೆಂಟಿನ ವಾಯರಿಗೆ ಟೇಪು ಸುತ್ತಿ, ಅವನು ಕಲಿಸಿದ ಕೆಲಸಕ್ಕೆ ನಿಂತವಳು ಆಕೆ. ನೋಡಿದವರ ಕಣ್ಣು ಸುಡುವ ಆ ಕಿಡಿ ಹಚ್ಚುವ ಮುಂಚೆ ಓಣಿಗೆಲ್ಲ ಕೇಳುವಂತೆ "ಕಣ್ಣ ಮುಚ್ಚರಿ!" ಎಂದು ಕೂಗುತ್ತಿದ್ದಳು. ಹೆಂಗಸರು, ಮಕ್ಕಳು ಮುಚ್ಚಿಕೊಳ್ಳುತ್ತಿದ್ದೆವು. ಕಟ್ಟೆಯ ಮೇಲಿನ ಗಂಡಸರು ಮಾತ್ರ, "ವೆಲ್ಡಿಂಗಿನವನ ಹೆಂಡ್ತಿ ಚೀರಾಕತ್ತಾಳ" ಎಂದು ನಗುತ್ತಿದ್ದರು.

ಆ ಹೆಸರು ಆಕೆಯನ್ನು ಒಳಗೇ ಕೊರೆಯುತ್ತಿತ್ತು. ಒಂದು ದಿನ ಪೇಂಟರನನ್ನು ಕರೆಸಿ ಕಬ್ಬಿಣದ ತಗಡಿನ ಮೇಲೆ ಇಂಗ್ಲಿಷಿನಲ್ಲಿ 'ವೆಲ್ಡರ್' ಎಂದು ಬರೆಸಿದಳು.

"ಯಾರ ಹೆಸರ ಹಾಕಲಿ, ಅಕ್ಕಾರ?"

"ಯಾರದೂ ಬ್ಯಾಡ. ಕೆಲಸದ ಹೆಸರ ಹಾಕು. ಕೆಲಸಕ್ಕ ಮೀಸಿ ಇರಂಗಿಲ್ಲ."

ಆ ಬೋರ್ಡು ಆಕೆಯ ಮೈದುನನ ಕಣ್ಣಿಗೆ ಬಿತ್ತು. ಖಂಡೇನವಮಿಯ ದಿನ ಇಬ್ಬರನ್ನು ಕಟ್ಟಿಕೊಂಡು ಬಂದ. ಅಂದು ಆಯುಧಗಳನ್ನು ತೊಳೆದು, ವಿಭೂತಿ ಹಚ್ಚಿ, ಚೆಂಡುಹೂ ಏರಿಸುತ್ತಾರೆ. ಯಾರೂ ಅವನ್ನು ಎತ್ತುವುದಿಲ್ಲ, ಮಷೀನು ಹಚ್ಚುವುದಿಲ್ಲ. ವಿಭೂತಿ ಹಚ್ಚಿದ ಕೈಯೇ ಅಂಗಡಿಯ ಒಡೆತನದ ಕೈ ಎಂಬುದು ನಮ್ಮ ಓಣಿಯ ಲೆಕ್ಕ.

"ಏ ವೈನಿ, ಸರಿ ಆಚಿಗೆ. ಮುಂಡೇರ ಕೈಲೇ ಆಯುಧದ ಪೂಜಿ ಮಾಡಸ್ತಾರೇನ? ನಮ್ಮಣ್ಣನ ಅಂಗಡಿ, ವಿಭೂತಿ ನಾ ಹಚ್ಚತೇನಿ."

"ನಿಮ್ಮಣ್ಣನ ಹೆಣಕ್ಕ ಹೆಗಲ ಕೊಡಾಕ ಬರಲಿಲ್ಲ, ಹೋಳಗಿ ವಾಸನಿಗೆ ಬಂದಿ ಏನೋ? ಕುಂಡರು, ಉಂಡು ಹೋಗು."

ಕಟ್ಟೆಯ ಮೇಲಿದ್ದವರು ನಕ್ಕುಬಿಟ್ಟರು. ಅಷ್ಟೇ ಸಾಕಾಯಿತು. ಮೈದುನ ಪೂಜೆಗಿಟ್ಟ ಸುತ್ತಿಗೆಯನ್ನೇ ಎತ್ತಿ ಬೋರ್ಡಿಗೆ ಹೊಡೆದ. ತಗಡು ನಡುವೆ ಹರಿಯಿತು. ಆಕೆ ಅಡ್ಡ ಹೋದಳು. ಜಡೆ ಹಿಡಿದು ಎಳೆದು, ಮುಖವನ್ನು ಕಬ್ಬಿಣ ಕುಟ್ಟುವ ಅಡಿಗಲ್ಲಿಗೆ ಬಡಿದ. ಹುಬ್ಬು ಸೀಳಿ ರಕ್ತ ಚೆಂಡುಹೂವಿನ ಮೇಲೆ ಇಳಿಯಿತು. ಏಳಲು ಆಕೆ ಎಡಗೈ ಊರಿದಳು. ಆ ಕೈ ಮೇಲೆ ಸುತ್ತಿಗೆ ಬಿತ್ತು. ಕಬ್ಬಿನ ಗಣಿಕೆ ಮುರಿದಂಥ ಸಪ್ಪಳ ನನ್ನ ಬಾಗಿಲತನಕ ಕೇಳಿತು.

ಆಕೆ ಚೀರಲಿಲ್ಲ. ಬಲಗೈ ಗೋಡೆ ತಡವಿ ಸ್ವಿಚ್ಚು ಒತ್ತಿತು. ಮಷೀನು ಗುಂಯ್ ಎಂದಿತು.

"ಕಣ್ಣ ಮುಚ್ಚರಿ!"

ನಾವು ಮುಚ್ಚಿಕೊಂಡೆವು. ಖಂಡೇನವಮಿಯ ದಿನ ಯಾರೂ ಕಿಡಿ ಹಚ್ಚುವುದಿಲ್ಲ ಎಂದು ಮೈದುನ ನಂಬಿದ್ದ. ಹೆಂಗಸು ಕೂಗಿದ್ದಕ್ಕೆ ಕಣ್ಣು ಮುಚ್ಚುವವನೂ ಅಲ್ಲ. ಬೋರ್ಡಿನ ತುಂಡಿಗೇ ಆಕೆ ಕಿಡಿ ಹಚ್ಚಿದಳು, ಬಿಟ್ಟೂ ಬಿಡದೆ. ನನ್ನ ರೆಪ್ಪೆಯೊಳಗೂ ಕೆಂಪು ಕುದಿಯಿತು. ಕಣ್ಣು ಬಿಟ್ಟಾಗ ಅವನು ಕುರುಡನಂತೆ ಸುತ್ತಿಗೆ ಬೀಸುತ್ತಿದ್ದ. ಅದು ಜೊತೆಗೆ ಬಂದವನ ಮೊಣಕಾಲಿಗೆ ಬಿತ್ತು. "ಅಯ್ಯಯ್ಯೋ, ನಾನೋ ಮಾರಾಯಾ!" ಎಂದು ಅವನು ಹೊರಳಾಡಿದ. ಮಂದಿ ಮೂವರನ್ನೂ ಎಳೆದುಕೊಂಡು ಹೋದರು.

ಡಾಕ್ಟರು ಆಕೆಯ ಎಡಗೈಯ ಎರಡು ಬೆರಳು ತೆಗೆದರು. ಸಂಜೆ ನಾನು ಆಕೆಗೆ ಅಂಬಲಿ ಕುಡಿಸುತ್ತಿದ್ದಾಗ ಮೈದುನನ ಹೆಂಡತಿ ಸೆರಗು ಕಚ್ಚಿಕೊಂಡು ಬಂದಳು.

"ಅಕ್ಕಾರ, ಕಣ್ಣಾಗ ಖಾರ ತುಂಬಿದಂಗ ಒದ್ದ್ಯಾಡಾಕತ್ತಾರ. ಏನ ಮಾಡ್ಲಿರಿ?"

"ಯಾರನ್ನ ಕೇಳಾಕ ಬಂದಿ? ವೆಲ್ಡಿಂಗಿನವನ ಹೆಂಡ್ತಿನ್ನ?"

ಹುಡುಗಿ ನೆಲ ನೋಡಿದಳು. "ಇಲ್ರೀ. ವೆಲ್ಡರನ್ನ."

"ಆಲೂಗಡ್ಡಿ ತೆಳ್ಳಗ ಹೆಚ್ಚಿ ರೆಪ್ಪಿ ಮ್ಯಾಲಿಡು. ನಾಡದಕ ಕಾಣಸ್ತೈತಿ. ಕಂಡ ಮ್ಯಾಲೆ ಮೊದಲ ನನ್ನ ಬೋರ್ಡ ನೋಡಾಕ ಹೇಳು."

ಬೋರ್ಡು ಜೋಡಿಸಲು ಎಡಗೈ ಬೇಕಿತ್ತು. ಗೋಡೆಯಾಚೆಯಿಂದ ನನ್ನನ್ನು ಕರೆದಳು. "ಬಾ ಬೇ, ಹಿಡಿ. ನಡಗಬ್ಯಾಡ, ಕಬ್ಬಣಕ್ಕ ಗೊತ್ತಾಗತೈತಿ." ಗಂಡಸರ ಎದುರು ತಲೆ ಎತ್ತದ ನಾನು ಅಂದು ಇಡೀ ಓಣಿಯ ಮುಂದೆ ತಗಡು ಹಿಡಿದು ನಿಂತೆ. ಅಲ್ಲಿಂದ ನಾನೇ ಆಕೆಯ ಎಡಗೈಯಾದೆ. ಬರಬರುತ್ತ ಕಿಡಿ ಹಚ್ಚುವ ಹೋಲ್ಡರನ್ನೂ ನನ್ನ ಕೈಗೆ ಕೊಟ್ಟಳು. ನನ್ನ ಕೈಮೇಲಿನ ಕಲೆ ಒಗ್ಗರಣೆ ಸಿಡಿದದ್ದು ಎಂದು ನಿಮಗೆ ಹೇಳುತ್ತ ಬಂದೆನಲ್ಲ, ಅದು ಸುಳ್ಳು ಮಕ್ಕಳೇ, ಆ ಕಿಡಿ ಸಿಡಿದದ್ದು. ನಾಚಿಕೆಗೆ ಹಾಗೆ ಹೇಳಿದೆ.

ನೀವು ಹುಟ್ಟುವ ಮುಂಚೆಯೇ, ಹೊಗೆ ಎದೆಗೆ ಸೇರಿ, ಕೆಮ್ಮುತ್ತ ಕೆಮ್ಮುತ್ತ ಹೋದಳು. ಮಣ್ಣು ಮಾಡಿ ಬಂದ ಮರುದಿನ ನಾನು ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದೆ. ಮುಧೋಳ ಕಡೆಯ ಟ್ರ್ಯಾಕ್ಟರೊಂದು ಕೊಂಡಿ ಮುರಿದ ಟ್ರೇಲರ್ ಎಳೆದುಕೊಂಡು ಬಂದು ನಿಂತಿತು. ಡ್ರೈವರ್ ಬೋರ್ಡು ನೋಡಿ, ನನ್ನನ್ನು ನೋಡಿ, ಒಳಗೆ ಇಣುಕಿದ.

"ವೆಲ್ಡರ್ ಅದಾರೇನ್ರೀ?"

ನಾನು ಕಸಬರಿಗೆ ಇಟ್ಟು ಗೂಟದ ಮೇಲಿನ ಖಾಕಿ ಅಂಗಿ ತೊಟ್ಟೆ.

"ಅದಾರ. ಕಣ್ಣ ಮುಚ್ಕೊಳ್ಳಪಾ."